ಮುತ್ತಿಗೆಯ ನಾಣ್ಯ, ಗಂಧದ ಸುತ್ತಿಗೆ

ಸಿಡ್ನಿಯ ಮಾರ್ಸ್ಡನ್ ಪಾರ್ಕಿನಲ್ಲಿ ನಮ್ಮ ಬೀದಿಯ ಕೊನೆಗೆ ಇನ್ನೂ ಹೊಸ ಮನೆಗಳು ಏಳುತ್ತಿವೆ. ಬೆಳಕಾಗುತ್ತಲೇ ಬಡಗಿಗಳು ಮೊಳೆ ಹೊಡೆಯುವ ಗನ್ ಹಿಡಿದು ಶುರು ಮಾಡುತ್ತಾರೆ. ಟಪ್, ಟಪ್, ಟಪ್. ಕೇಳಿ ಕೇಳಿ ಆ ಶಬ್ದ ಕಿವಿಗೆ ಬೀಳುವುದೇ ನಿಂತುಹೋಗಿತ್ತು. ಕಳೆದ ದಸರೆ ಮುಗಿಸಿಕೊಂಡು ಮೆಲ್ಬರ್ನಿನಿಂದ ವಾಪಸು ಬಂದ ಮೇಲೆ ಮಾತ್ರ ಒಂದೊಂದು ಟಪ್ಪಿಗೂ ನನ್ನ ಭುಜ ಕಿವಿಯವರೆಗೆ ಏರುತ್ತಿದೆ. ಆನ್‌ಲೈನ್ ಮೀಟಿಂಗಿನಲ್ಲಿದ್ದರೆ ಮ್ಯೂಟ್ ಒತ್ತಿ ಉಸಿರು ಬಿಡುತ್ತೇನೆ. ನಮ್ಮ ಮನೆಯವರು, "ಇನ್ನೂ ಆ ಸುತ್ತಿಗೆ ನಿನ್ನ ತಲೇಲೇ ಕೂತಿದೆಯಾ?" ಎಂದು ಕೇಳುತ್ತಾರೆ. ಯಾರ ತಲೆಯ ಮೇಲೂ ಕೂರಲಿಲ್ಲವಲ್ಲ, ನನ್ನ ತಲೆಯೊಳಗೆ ಬೇಕಾದರೆ ಇರಲಿ ಬಿಡಿ ಎನ್ನುತ್ತೇನೆ.

ಅಕ್ಕನ ಮನೆ ಇರುವುದು ಮೆಲ್ಬರ್ನಿನ ಗ್ಲೆನ್ ವೇವರ್ಲಿಯಲ್ಲಿ. ಮಗಳ ಹೈಸ್ಕೂಲಿಗಾಗಿಯೇ ಆ ಸಬರ್ಬ್ ಹುಡುಕಿಕೊಂಡು ಹೋದವರು. ನವರಾತ್ರಿ ಬಂತೆಂದರೆ ಅಕ್ಕ ಊಟದ ಟೇಬಲ್ಲನ್ನು ಗರಾಜಿಗೆ ಸಾಗಿಸಿ, ಆ ಜಾಗದಲ್ಲಿ ಮೆಟ್ಟಿಲು ಕಟ್ಟಿ ಗೊಂಬೆ ಕೂರಿಸುತ್ತಾಳೆ. ಮೈಸೂರಿನ ನಮ್ಮ ಮನೆಯ ಪಟ್ಟದ ಗೊಂಬೆಗಳು, ಆ ಮರದ ರಾಜ ರಾಣಿ, ಹಿರಿಮಗಳೆಂದು ಅವಳ ಮದುವೆಯಲ್ಲೇ ಅವಳ ಜೊತೆ ಹೋದವು. ನನ್ನ ಮದುವೆಗೆ ಮಿಕ್ಸಿ ಬಂತು. ಹೀಗಾಗಿ ಪ್ರತಿ ವರ್ಷ ಸ್ಕೂಲ್ ರಜೆಯ ಹೊತ್ತಿಗೆ ಬರುವ ದಸರೆಗೆ ನಾನೇ ಸಿಡ್ನಿಯಿಂದ ವಿಮಾನ ಹತ್ತಿ ರಾಜ ರಾಣಿಯರನ್ನು ನೋಡಲು ಹೋಗುತ್ತೇನೆ.

ಕಳೆದ ಸಲ ಗೊಂಬೆಗಳು ಪೆಟ್ಟಿಗೆಯಿಂದ ಹೊರಗೆ ಬರುವುದೇ ಅನುಮಾನವಾಗಿತ್ತು. ಅಕ್ಕನ ಮಗಳಿಗೆ ಹದಿನಾಲ್ಕು ತುಂಬಿತ್ತು. ಅದರ ಹಿಂದಿನ ದಸರೆಯಲ್ಲಿ ಅವಳ ಕ್ಲಾಸಿನ ಹುಡುಗಿಯೊಬ್ಬಳು ಕ್ಯಾಲ್ಕ್ಯುಲೇಟರ್ ಕೇಳಿಕೊಂಡು ಬಂದವಳು, ಮೆಟ್ಟಿಲ ಮುಂದೆ ನಿಂತು ಬಾಯಿ ತೆರೆದು ನೋಡಿ, ಇವನ್ನು ನೀವು ಮಾರುತ್ತೀರಾ ಎಂದು ಕೇಳಿದ್ದಳಂತೆ. ಕೇಳಿದ್ದರಲ್ಲಿ ಕೊಂಕೇನೂ ಇರಲಿಲ್ಲ. ಆದರೆ ನಮ್ಮ ಹುಡುಗಿ ಭೂಮಿಗೆ ಇಳಿದುಹೋದಳು. ಅಂದಿನಿಂದ ಗೊಂಬೆಯ ಮಾತೆತ್ತಿದರೆ, "ನೋ ಡಾಲ್ಸ್ ದಿಸ್ ಇಯರ್, ಪ್ಲೀಸ್," ಎಂದು ರೂಮಿನ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಅಕ್ಕ ಫೋನಿನಲ್ಲಿ ನನ್ನೊಂದಿಗೆ, "ಅವಳೇ ಬೇಡ ಅಂದ್ಮೇಲೆ ನಾನು ಯಾರಿಗೆ ಅಂತ ಕೂರಿಸ್ಲಿ? ಈ ಸಲ ಪಟ್ಟದ ಗೊಂಬೆ ಮಾತ್ರ ಇಟ್ಟು, ಮುಂದಿನ ವರ್ಷದಿಂದ ನಿನಗೇ ಕೊಟ್ಬಿಡ್ತೀನಿ," ಎಂದಳು. ನನಗೆ ಆಸೆಯಾಯಿತು ಎನ್ನುವುದು ಸುಳ್ಳಲ್ಲ. ಆದರೆ ಅವಳ ದನಿ ಕೇಳಿದ ಮೇಲೆ ಆ ಆಸೆ ನಿಲ್ಲಲಿಲ್ಲ.

ಕಾಪಾಡಿದ್ದು ಭಾವನ ನಾಣ್ಯದ ಹುಚ್ಚು. ಭಾವ ಡ್ಯಾಂಡಿನಾಂಗಿನ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್. ಅಲ್ಲಿನ ಸುರಕ್ಷತೆಯ ಉಸ್ತುವಾರಿಯೂ ಅವರದೇ. ನೆಲದ ಮೇಲೆ ಒಂದು ಹನಿ ಎಣ್ಣೆ ಕಂಡರೂ ಹಳದಿ ಬೋರ್ಡು ನಿಲ್ಲಿಸುವ ಮನುಷ್ಯ. ಮನೆಯಲ್ಲಿ ಅಕ್ಕ ಒಗ್ಗರಣೆಗೆ ಸಾಸಿವೆ ಹಾಕುವಾಗ ಕಣ್ಣಿಗೆ ಕನ್ನಡಕ ಹಾಕಿಕೋ ಎಂದು ಹೇಳಿ ಬೈಸಿಕೊಂಡವರು. ವಾರದ ಕೊನೆಯಲ್ಲಿ ಮಾತ್ರ ಅವರು ಹಿತ್ತಲಿನ ಶೆಡ್ಡಿನಲ್ಲಿ ಹಳೆಯ ನಾಣ್ಯಗಳ ಪುಸ್ತಕ ಹರಡಿಕೊಂಡು ಕೂರುತ್ತಾರೆ. ಅದರಲ್ಲೂ ಮುತ್ತಿಗೆಯ ನಾಣ್ಯಗಳೆಂದರೆ ಪ್ರಾಣ. ಒಂದನ್ನೂ ಕೊಳ್ಳುವ ಯೋಗ್ಯತೆ ನಮ್ಮದಲ್ಲ ಎಂದು ನಕ್ಕು, ಚಿತ್ರಗಳನ್ನೇ ಭೂತಗನ್ನಡಿ ಹಿಡಿದು ನೋಡುತ್ತಾರೆ.

ಒಂದು ದಿನ ಊಟದ ಹೊತ್ತಿಗೆ ಅವರು ಆ ಕಥೆ ಹೇಳಿದರಂತೆ. ಇಂಗ್ಲೆಂಡಿನಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧವಾದ ಕಾಲ. ಒಂದೇ ದೇಶದವರು ಎರಡು ಪಾಳಯ. ರಾಜನ ಕಡೆಯ ಕೆಲವು ಊರುಗಳನ್ನು ಎದುರಾಳಿಗಳು ಸುತ್ತುವರಿದು ಕುಳಿತರು. ಒಳಗೆ ಸೈನಿಕರಿದ್ದಾರೆ, ಅವರಿಗೆ ಸಂಬಳ ಕೊಡಬೇಕು, ಹೊರಗಿನಿಂದ ಒಂದು ಕಾಸೂ ಬರುವಂತಿಲ್ಲ. ಆಗ ಊರಿನವರ ಮನೆಗಳಿಂದ ಬೆಳ್ಳಿಯ ತಟ್ಟೆ, ಬಟ್ಟಲು, ಹೂಜಿಗಳನ್ನೆಲ್ಲ ಸೇರಿಸಿ, ಕತ್ತರಿಸಿ, ಅಚ್ಚೊತ್ತಿ ನಾಣ್ಯ ಮಾಡಿಕೊಂಡರು. ನ್ಯೂವಾರ್ಕ್ ಎಂಬ ಊರಿನಲ್ಲಿ ಅವುಗಳನ್ನು ವಜ್ರದಾಕಾರದಲ್ಲಿ, ಕೊಬ್ಬರಿ ಮಿಠಾಯಿ ಕೊಯ್ದ ಹಾಗೆ ಕೊಯ್ದರು. ಹಾಗೆ ಕೊಯ್ದರೆ ಚೂರು ಪೋಲಾಗುವುದಿಲ್ಲ. ಒಂದು ಕಡೆ ಕಿರೀಟ, ಇನ್ನೊಂದು ಕಡೆ ಊರಿನ ಹೆಸರು ಮತ್ತು ಊರು ಮುತ್ತಿಗೆಯಲ್ಲಿದೆ ಎನ್ನುವ ಗುರುತು. ಅವಸರದ ಕೆಲಸವಾದ್ದರಿಂದ ಕೆಲವು ನಾಣ್ಯಗಳಲ್ಲಿ ಹಿಂದೆ ಅದು ಯಾರದೋ ಮನೆಯ ಪಾತ್ರೆಯಾಗಿದ್ದ ಕುರುಹು ಹಾಗೇ ಉಳಿದಿದೆಯಂತೆ.

ಹುಡುಗಿ ಫೋನಿನಿಂದ ತಲೆಯೆತ್ತಿದಳು. "ವೆಯ್ಟ್. ಅವರ ಮನೆ ಪ್ಲೇಟ್ಸ್ ಅವರೇ ಕಟ್ ಮಾಡಿದ್ರಾ?"

"ಮತ್ತೇನು! ಬೇಕಾದ್ರೆ ನಿಮ್ಮಮ್ಮನ ಬೆಳ್ಳಿ ತಟ್ಟೆ ತೊಗೊಂಡು ತೋರಿಸ್ತೀನಿ, ಬಾ."

"ಮುಟ್ಟಿ ನೋಡಿ," ಎಂದಳು ಅಕ್ಕ. "ಆ ಊರಲ್ಲಿ ಹೆಂಗಸರು ಸುಮ್ನೆ ಕೊಟ್ರು ಅಂತ ಬರೆದಿದ್ದಾರಾ ನಿಮ್ಮ ಪುಸ್ತಕದಲ್ಲಿ? ನಾನು ನಂಬಲ್ಲ. ಗಂಡಸರು ಬರೆದಿರೋ ಪುಸ್ತಕ ಅದು."

ಆ ವಾರವೇ ಹುಡುಗಿ ಒಂದು ಷರತ್ತಿನ ಮೇಲೆ ಒಪ್ಪಿದಳು: ಗೊಂಬೆ ಕೂರಿಸೋಣ, ಆದರೆ ನನ್ನ ಕೋಟೆ, ನನ್ನ ಮುತ್ತಿಗೆ. ನಾನು ಶುಕ್ರವಾರ ಸಂಜೆ ಹೋಗಿ ನೋಡುವಷ್ಟರಲ್ಲಿ ಮೆಟ್ಟಿಲುಗಳ ಸುತ್ತ ರಟ್ಟಿನ ಗೋಡೆ ಎದ್ದಿತ್ತು. ಪಟ್ಟದ ರಾಜ ರಾಣಿ ಬುರುಜಿನ ಮೇಲೆ ನಿಂತು ಕೆಳಗೆ ನೋಡುತ್ತಿದ್ದರು. ಕೋಟೆಯ ಹೊರಗೆ ಚನ್ನಪಟ್ಟಣದ ಸಿಪಾಯಿಗಳು, ಜಂಬೂ ಸವಾರಿಯ ಆನೆಗಳು, ಅವಳು ಚಿಕ್ಕವಳಿದ್ದಾಗಿನ ಪ್ಲಾಸ್ಟಿಕ್ ಡೈನೋಸಾರ್‌ಗಳು, ಎಲ್ಲ ಶತ್ರುಪಾಳಯ. ಒಳಗೆ ಕೊನೆಯ ಉಗ್ರಾಣವೆಂದರೆ ಶೆಟ್ಟಿ ಅಂಗಡಿ. ಪ್ರತಿ ಮನೆಯ ಗೊಂಬೆಯಲ್ಲೂ ಇರುವ ಆ ದಪ್ಪ ಹೊಟ್ಟೆಯ ಶೆಟ್ಟರು ಅಕ್ಕಿ ಬೇಳೆಯ ರಾಶಿಯ ಮುಂದೆ ಎಂದಿನಂತೆ ನಗುತ್ತ ಕುಳಿತಿದ್ದರು. ಊರಿಗೇ ಮುತ್ತಿಗೆ ಬಿದ್ದರೂ ಕಳೆಗುಂದದ ಮುಖ.

ಗೊಂಬೆ ನೋಡಲು ಬಂದ ಮಕ್ಕಳಿಗೆ ತಿಂಡಿ ಕೊಡುವುದು ನಮ್ಮ ಪದ್ಧತಿ. ಗೊಂಬೆ ಬಾಗಿನ ಎನ್ನುತ್ತೇವೆ. ಹುಡುಗಿ ಅದನ್ನೂ ಬದಲಿಸಿದ್ದಳು. ಬಂದವರಿಗೆ ಬಾಗಿಲಲ್ಲಿ ಮುತ್ತಿಗೆಯ ನಾಣ್ಯ. ಅದನ್ನು ಶೆಟ್ಟಿ ಅಂಗಡಿಯಲ್ಲಿ ಕೊಟ್ಟರೆ ಚಕ್ಕುಲಿ. ಭಾನುವಾರ ಮಧ್ಯಾಹ್ನ ಕ್ಲಾಸಿನ ಗೆಳತಿಯರು ಬರುವವರಿದ್ದರು. ಅವಳಾಗಿ ಅವಳೇ ಗೊಂಬೆ ನೋಡಲು ಶಾಲೆಯವರನ್ನು ಕರೆದದ್ದು ಅದೇ ಮೊದಲು. ನಾಣ್ಯದ ಕಥೆಯನ್ನೆಲ್ಲ ಹೇಳಿ, ಕೈಯಲ್ಲಿ ಹೊಡೆದ ನಿಜವಾದ ಲೋಹದ ನಾಣ್ಯ ಕೊಡುತ್ತೇನೆಂದು ಮಾತು ಕೊಟ್ಟಿದ್ದಳು. ಕ್ಯಾಲ್ಕ್ಯುಲೇಟರಿನ ಹುಡುಗಿಯೂ ಬರುವವಳಿದ್ದಳು. "ಇದು ಸರಿಯಾಗಿ ಆಗದಿದ್ರೆ ಇನ್ನು ಈ ಮನೇಲಿ ಗೊಂಬೆ ಇಲ್ಲ, ಬರೆದಿಟ್ಕೋ," ಎಂದು ಅಕ್ಕ ಅಡುಗೆಮನೆಯಲ್ಲಿ ನನ್ನ ಕಿವಿಯಲ್ಲಿ ಹೇಳಿದಳು.

ನಾಣ್ಯ ಹೊಡೆಯುವುದು ಶನಿವಾರ ಎಂದು ನಿಶ್ಚಯವಾಗಿತ್ತು. ಆಯುಧಪೂಜೆಯೂ ಶನಿವಾರವೇ. ಪಂಚಾಂಗದಲ್ಲಿ ಅದು ವಾರದ ನಡುವೆ ಬಿದ್ದಿತ್ತು, ಆದರೆ ಈ ದೇಶದಲ್ಲಿ ನಮ್ಮ ಹಬ್ಬಗಳೆಲ್ಲ ವೀಕೆಂಡಿಗೆ ಕಾದು ನಿಲ್ಲಲು ಕಲಿತಿವೆ. ಬೆಳಗ್ಗೆ ಕಾರು, ಲ್ಯಾಪ್‌ಟಾಪ್‌ಗಳು, ಮಿಕ್ಸಿ, ಹುಲ್ಲು ಕತ್ತರಿಸುವ ಮೆಷಿನ್, ಎಲ್ಲದಕ್ಕೂ ಪೂಜೆಯಾಯಿತು. ಊರಿನಿಂದ ಬಂದು ಮೂರು ತಿಂಗಳಿಂದ ಅಕ್ಕನ ಮನೆಯಲ್ಲಿದ್ದ ಅಮ್ಮನೇ ಪುರೋಹಿತಳು. ಭಾವ ತಮ್ಮ ಸುತ್ತಿಗೆಯನ್ನೂ, ತಾವೇ ಕೆತ್ತಿದ ಎರಡು ಉಕ್ಕಿನ ಅಚ್ಚುಗಳನ್ನೂ ತಂದು ಮಣೆಯ ಮೇಲಿಟ್ಟರು. ಒಂದರಲ್ಲಿ ಕಿರೀಟ, ಇನ್ನೊಂದರಲ್ಲಿ ಸುರುಳಿ ಸುತ್ತಿದ ಚಕ್ಕುಲಿ. ಅಮ್ಮನಿಗೆ ಸುತ್ತಿಗೆಯ ಮೇಲೆ ವಿಶೇಷ ಭಕ್ತಿ ಉಕ್ಕಿತು. ಹಿಡಿಯ ಉದ್ದಕ್ಕೂ ತೇಯ್ದ ಗಂಧ ಬಳಿದು, ಅರಿಸಿನ ಕುಂಕುಮ ಹಚ್ಚಿ, ಸೇವಂತಿಗೆಯ ಸರ ಸುತ್ತಿದಳು. ಸುತ್ತಿಗೆ ಮದುವಣಗಿತ್ತಿಯ ಹಾಗೆ ಕಾಣುತ್ತಿತ್ತು.

"ಇವತ್ತು ಇದನ್ನ ಎತ್ತಬಾರದು," ಎಂದಳು ಅಮ್ಮ. "ಪೂಜೆಗೆ ಕೂತ ಆಯುಧ. ನಾಳೆ ಎತ್ತಿ."

"ನಾಳೆ ಮಕ್ಕಳು ಬಂದ್ಬಿಡ್ತಾರೆ, ಅತ್ತೆ," ಎಂದರು ಭಾವ. "ಇವತ್ತು ಶಾಸ್ತ್ರಕ್ಕೆ ಅಂತ ಶುರು ಮಾಡ್ತೀವಿ."

ಮಧ್ಯಾಹ್ನ ಹಿತ್ತಲಿನಲ್ಲಿ ಟಂಕಸಾಲೆ ತೆರೆಯಿತು. ಮರದ ಕೊರಡಿನ ಮೇಲೆ ಹಳೆಯ ರೈಲು ಹಳಿಯ ತುಂಡು. ಅದರಲ್ಲಿ ಚಕ್ಕುಲಿಯ ಅಚ್ಚನ್ನು ಭದ್ರವಾಗಿ ಕೂರಿಸಿದ್ದರು. ಸೆಕೆಂಡ್ ಹ್ಯಾಂಡ್ ಅಂಗಡಿಯಿಂದ ತಂದ ಅಲ್ಯೂಮಿನಿಯಂ ಟ್ರೇಗಳನ್ನು ವಜ್ರದಾಕಾರಕ್ಕೆ ಕತ್ತರಿಸಿ ಇಟ್ಟಾಗಿತ್ತು. ಹುಡುಗಿ ಎದುರಿಗೆ ಕುಕ್ಕರಗಾಲಿನಲ್ಲಿ ಕೂತು ಒಂದೊಂದೇ ತುಂಡನ್ನು ಅಚ್ಚಿನ ಮೇಲಿಡಬೇಕು. ನಾನು ಪಕ್ಕದಲ್ಲಿ ಕೂತು, ಕಿರೀಟದ ಅಚ್ಚನ್ನು ಇಕ್ಕಳದಲ್ಲಿ ಹಿಡಿದು ಮೇಲೆ ನಿಲ್ಲಿಸಬೇಕು. ಭಾವ ಹೊಡೆಯಬೇಕು. ನಮ್ಮೆಲ್ಲರ ಕಣ್ಣಿಗೂ ಕನ್ನಡಕ, ಕಾಲಿಗೆ ಬೂಟು. ಹಾಕಿಕೊಳ್ಳದಿದ್ದರೆ ಅವರು ಶುರುವೇ ಮಾಡುತ್ತಿರಲಿಲ್ಲ.

ಆದರೆ ಸುತ್ತಿಗೆಯ ಹಿಡಿಯಲ್ಲಿ ಗಂಧ ಹಾಗೇ ಇತ್ತು. ನಾನು ನೋಡಿದೆ. ಅವರೂ ನೋಡಿದರು. ಹೂವಿನ ಸರವನ್ನು ತುದಿಗೆ ಸರಿಸಿ, ಒರೆಸಲು ಬಟ್ಟೆ ಎತ್ತಿಕೊಂಡವರು, ಒಂದು ಕ್ಷಣ ಅನುಮಾನಿಸಿ ಬಟ್ಟೆ ಕೆಳಗಿಟ್ಟರು. ಆಗತಾನೇ ಪೂಜೆಯಾದ ವಸ್ತುವಿನ ಕುಂಕುಮ ಅಳಿಸುವುದು ಹೇಗೆ? ಕಾರ್ಖಾನೆಯಲ್ಲಿ ಒದ್ದೆ ಹಿಡಿಯ ಸುತ್ತಿಗೆ ಮುಟ್ಟಿದವನನ್ನು ಮನೆಗೆ ಕಳಿಸುವ ಮನುಷ್ಯನಿಗೆ ಕೈ ಬರಲಿಲ್ಲ. ನನಗೂ ಬಾಯಿ ಬರಲಿಲ್ಲ. ಬಿ.ಇ. ಓದಿದ ಇಬ್ಬರು, ಒಂದು ಚಿಟಿಕೆ ಕುಂಕುಮದ ಮುಂದೆ.

ಮೊದಲ ಏಟಿಗೆ ಕಿರೀಟ ಅರ್ಧ ಮೂಡಿತು. ಎರಡನೆಯದು ಪೂರ್ತಿ. ಹುಡುಗಿ ಕಿರುಚಿದಳು, "ಅಪ್ಪ! ಇಟ್ ಲುಕ್ಸ್ ರಿಯಲ್!" ಭಾವನ ಮುಖ ಬೆಳಗಿತು. ಬಿಸಿಲಿಗೆ ಅವರ ಅಂಗೈ ಬೆವರಿತ್ತು ಎಂದು ಆಮೇಲೆ ಹೇಳಿದರು. ಮೂರನೆಯ ತುಂಡನ್ನು ಇಟ್ಟು ಹುಡುಗಿ ಕೈ ಹಿಂದಕ್ಕೆ ತೆಗೆದಳು. ನಾನು ಅಚ್ಚು ನಿಲ್ಲಿಸಿದೆ. ಸುತ್ತಿಗೆ ಮೇಲೇರಿತು. ಅಷ್ಟರಲ್ಲಿ ಅವಳ ಮಡಿಲಿನಿಂದ ಒಂದು ತುಂಡು ಜಾರಿ ಕಾಂಕ್ರೀಟಿನ ಮೇಲೆ ಬಿತ್ತು. ಅವಳು ಅದನ್ನು ಎತ್ತಿಕೊಳ್ಳಲು ಬಗ್ಗಿದಳು.

ಸುತ್ತಿಗೆ ಕೆಳಗೆ ಬರುವಾಗ ಭಾವನ ಕೈಯಲ್ಲಿ ಇರಲಿಲ್ಲ. ನಾನು ಕಂಡದ್ದು ಅವರ ಖಾಲಿ ಮುಷ್ಟಿಯನ್ನು. ಮುಷ್ಟಿ ಬಂದು ಗಾಳಿಯಲ್ಲಿ ನಿಂತಿತು; ಸುತ್ತಿಗೆ ಹುಡುಗಿಯ ಬೆನ್ನಿನ ಮೇಲಿಂದ, ಅವಳ ತಲೆ ಆಗಷ್ಟೇ ಇದ್ದ ಜಾಗದಿಂದ ಹಾದು, ಹಿಂದಿದ್ದ ಪ್ಲಾಸ್ಟಿಕ್ಕಿನ ಮಳೆನೀರಿನ ಟ್ಯಾಂಕಿಗೆ ಬಡಿಯಿತು. ಢಂ ಎಂದಿತು. ಸೇವಂತಿಗೆಯ ಒಂದೆರಡು ಎಸಳು ಅವಳ ಕೂದಲ ಮೇಲೆ ತಿರುಗುತ್ತ ಇಳಿದವು. ಟ್ಯಾಂಕಿನ ಸೀಳಿನಿಂದ ನೀರು ಕಮಾನಿನಂತೆ ಚಿಮ್ಮತೊಡಗಿತು.

ಅಡುಗೆಮನೆಯ ಕಿಟಕಿಯಿಂದ ಅಮ್ಮನ ಕೂಗು ಬಂತು: "ಕಾಯಿ ಒಡೆದ್ರಾ? ನೀರು ಚೆಲ್ಬೇಡಿ, ಪಾತ್ರೆ ಹಿಡೀರಿ!"

ಹುಡುಗಿ ತುಂಡನ್ನು ಹಿಡಿದು ತಲೆಯೆತ್ತಿ, "ವಾಟ್ ಹ್ಯಾಪನ್ಡ್?" ಎಂದಳು. ಅವಳು ಏನನ್ನೂ ನೋಡಿರಲಿಲ್ಲ. ನೋಡಿದವರು ನಾವಿಬ್ಬರೇ. ಭಾವ ಅಲ್ಲೇ ನೆಲಕ್ಕೆ ಕುಸಿದು ಕೂತು, ತಮ್ಮ ಅಂಗೈ ತಿರುಗಿಸಿ ನೋಡಿಕೊಂಡರು. ಅಂಗೈ ತುಂಬ ಗಂಧ. ನಾನು ಇಕ್ಕಳ ಬಿಡಲಿಲ್ಲ, ಬಿಡಲು ಬರಲಿಲ್ಲ. ಅಕ್ಕ ಓಡಿಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

ಆ ಕ್ಷಣವನ್ನು ನಾನು ಎಷ್ಟು ಸಲ ಓಡಿಸಿ ನೋಡಿದ್ದೇನೋ. ಅಡುಗೆ ಮಾಡುವಾಗ, ಟ್ರೈನಿನಲ್ಲಿ, ಹಲ್ಲುಜ್ಜುವಾಗ. ಪ್ರತಿ ಸಲವೂ ಆ ತುಂಡು ಮಡಿಲಿನಿಂದ ಜಾರುತ್ತದೆಯೋ ಇಲ್ಲವೋ ಎಂದು ಕಾಯುತ್ತೇನೆ. ನಡೆದುಹೋದದ್ದು ಎಂದು ಗೊತ್ತಿದ್ದರೂ ಕಾಯುತ್ತೇನೆ. ಜಾರುತ್ತದೆ, ಅವಳು ಬಗ್ಗುತ್ತಾಳೆ, ಆಮೇಲೆ ನಾನು ಉಸಿರು ಬಿಡುತ್ತೇನೆ.

ಅಕ್ಕ ಸುತ್ತಿಗೆಯನ್ನು ಮತ್ತೆ ಪೂಜೆಯ ಮಣೆಯ ಮೇಲಿಟ್ಟು, ಹಳಿ, ಅಚ್ಚುಗಳನ್ನೆಲ್ಲ ಶೆಡ್ಡಿಗೆ ಸೇರಿಸಿ ಬೀಗ ಹಾಕಿ ಬೀಗದ ಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಹಬ್ಬಕ್ಕೆಂದು ಸೀರೆ ಉಟ್ಟಿದ್ದು ಅನುಕೂಲವಾಯಿತು. ನಂತರ ನನ್ನನ್ನು ರೂಮಿಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದಳು.

"ನಿಜ ಹೇಳು. ಎಷ್ಟು ಹತ್ರ?"

ನಾನು ಒಂದು ಗೇಣು ತೋರಿಸಿದೆ. ಅವಳು ಮಂಚದ ಮೇಲೆ ಕೂತುಬಿಟ್ಟಳು. ಆಮೇಲೆ, "ನಾಣ್ಯ ಬೇಡ, ಏನೂ ಬೇಡ. ಸೂಪರ್‌ಮಾರ್ಕೆಟ್ಟಿಂದ ಆ ಚಿನ್ನದ ಕಾಗದದ ಚಾಕೊಲೇಟ್ ನಾಣ್ಯ ತಂದು ಹಂಚೋದು," ಎಂದು ಎದ್ದಳು.

ಮಗಳ ಮುಂದೆ ಅದನ್ನು ಹೇಳಿದಾಗ ಮಗಳು ರಟ್ಟಿನ ಬುರುಜಿಗೆ ಒರಗಿ ಕೂತಿದ್ದಳು. ನಡೆದದ್ದೇನೆಂದು ಅಷ್ಟರಲ್ಲಿ ಅವಳಿಗೆ ಹೇಳಿಯಾಗಿತ್ತು.

"ಅಮ್ಮ, ಅವರು ಊಟ ಇಲ್ಲದೆ ಸಾಯ್ತಿದ್ರು. ಚಾಕೊಲೇಟ್ ಕಾಯಿನ್ಸ್ ಇದ್ದಿದ್ರೆ ತಿಂದ್ಬಿಡ್ತಿದ್ರು, ಅಲ್ವಾ?"

"ಹಾಗಾದ್ರೆ ರಟ್ಟಿಂದು ಮಾಡು."

"ನಾನು ಮೆಟಲ್ ಅಂತ ಹೇಳಿದ್ದೀನಿ. ಕೈಯಲ್ಲಿ ಹೊಡೆದಿದ್ದು ಅಂತ." ಸ್ವಲ್ಪ ತಡೆದು, ತೀರಾ ಸಣ್ಣ ದನಿಯಲ್ಲಿ, "ಇಟ್ಸ್ ಫೈನ್. ನಾಳೆ ಬರಬೇಡಿ ಅಂತ ಮೆಸೇಜ್ ಹಾಕ್ತೀನಿ. ಗೊಂಬೆನೂ ಎತ್ತಿಟ್ಬಿಡಿ," ಎಂದಳು. ಬುರುಜಿನ ಮೇಲಿಂದ ರಾಣಿಯನ್ನು ಇಳಿಸಿ, ಹಳೆಯ ಪಂಚೆಯ ಬಟ್ಟೆಯಲ್ಲಿ ಸುತ್ತತೊಡಗಿದಳು. ಅಳುತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅಳಲಿಲ್ಲ. ಅಚ್ಚುಕಟ್ಟಾಗಿ ಸುತ್ತುತ್ತಿದ್ದಳು.

ಹಿತ್ತಲ ಮೆಟ್ಟಿಲ ಮೇಲೆ ಮಂಕಾಗಿ ಕೂತಿದ್ದ ಭಾವ ಅದನ್ನು ಬಾಗಿಲಿನಿಂದ ನೋಡಿದರು. ಎದ್ದು ಬಂದು ಅಕ್ಕನ ಮುಂದೆ ಶಾಲೆಯ ಹುಡುಗನ ಹಾಗೆ ನಿಂತರು.

"ನೋಡು, ಒಂದು ದಪ್ಪ ಪೈಪ್ ಇದೆ. ಅದನ್ನ ಹಳಿ ಮೇಲೆ ನೆಟ್ಟರೆ ಮೇಲಿನ ಅಚ್ಚು ಅದರೊಳಗೇ ನಿಲ್ಲುತ್ತೆ. ಯಾರೂ ಹಿಡ್ಕೋಬೇಕಾಗಿಲ್ಲ, ಯಾರೂ ಹತ್ರ ಬರಬೇಕಾಗಿಲ್ಲ. ನಾನೊಬ್ಬನೇ. ಶೆಡ್ಡಿನ ಒಳಗೆ, ಗೋಡೆ ಕಡೆ ಮುಖ ಮಾಡಿ."

"ಇದನ್ನ ಮೊದಲೇ ಯಾಕೆ ಮಾಡಲಿಲ್ಲ ನೀವು?"

"ಆ ಕಾಲದಲ್ಲಿ ಕೈಯಲ್ಲೇ ಹಿಡೀತಿದ್ರು. ಅದೇ ಥರ ಮಾಡೋಣ ಅಂತ…"

"ಆ ಕಾಲದಲ್ಲಿ ಹೆಂಡತೀರು ಬೀಗ ಹಾಕ್ತಿರಲಿಲ್ಲ ಅನ್ಸುತ್ತೆ."

ಅಕ್ಕ ಸೆರಗಿನ ಗಂಟು ಬಿಚ್ಚಿ ಬೀಗದ ಕೈಯನ್ನು ನನ್ನ ಕಡೆ ಚಾಚಿದಳು. "ಅಲ್ಲಿ ನಾನಿರಲಿಲ್ಲ. ನೋಡಿದೋಳು ನೀನು. ನೀನು ಹೂಂ ಅಂದ್ರೆ ಹೂಂ, ಬೇಡ ಅಂದ್ರೆ ಬೇಡ. ಆಮೇಲೆ ನಾನು ಒಂದು ಮಾತೂ ಆಡಲ್ಲ."

ನನಗೆ ಬೇಡ ಎನ್ನಬೇಕೆಂದೇ ಇತ್ತು. ಕಣ್ಣು ಮುಚ್ಚಿದರೆ ಆ ಖಾಲಿ ಮುಷ್ಟಿ. ಆದರೆ ಕಣ್ಣು ತೆರೆದರೆ ಎದುರಿಗೆ ಹುಡುಗಿ ರಾಣಿಯ ಮುಖದ ಮೇಲೆ ಬಟ್ಟೆ ಎಳೆಯುತ್ತಿದ್ದಳು. ಪೈಪು ಹೇಗೆ ನಿಲ್ಲುತ್ತದೆ, ಎಲ್ಲಿ ನಿಲ್ಲುತ್ತದೆ, ಸುತ್ತಿಗೆ ಮತ್ತೆ ಜಾರಿದರೆ ಎತ್ತ ಹೋಗುತ್ತದೆ, ಎಲ್ಲವನ್ನೂ ಭಾವನ ಕೈಯಲ್ಲಿ ನಾಲ್ಕು ಸಲ ಹೇಳಿಸಿದೆ. ಕಾಗದದ ಮೇಲೆ ಗೆರೆ ಎಳೆಸಿ ನೋಡಿದೆ. ಕೊನೆಗೆ, "ನಾಳೆ ಬೆಳಗ್ಗೆ, ಬೆಳಕಲ್ಲಿ. ಹುಡುಗಿ ನನ್ನ ಜೊತೆ ಅಡುಗೆಮನೆ ಒಳಗಿರಬೇಕು. ಸುತ್ತಿಗೆಗೆ ಸೋಪು ಹಾಕಿ ತೊಳೀಬೇಕು," ಎಂದೆ.

"ತೊಳೆಯೋದಾ?" ಎಂದಳು ಅಮ್ಮ. ಅವಳ ಮುಖ ಬಿಳಿಚಿತ್ತು. ಗಂಧ ಬಳಿದವಳು ತಾನೇ ಎಂದು ಮಧ್ಯಾಹ್ನದಿಂದ ಗೋಡೆ ನೋಡುತ್ತ ಕೂತಿದ್ದಳು. "ವಿಸರ್ಜನೆ ಆಗದೆ ಹೇಗೆ ತೊಳೀತೀರಿ?"

"ಹಾಗಾದ್ರೆ ವಿಸರ್ಜನೆ ಮಾಡಿ, ಅತ್ತೆ," ಎಂದರು ಭಾವ, ಅವಳಿಗಾದರೂ ಒಂದು ಕೆಲಸ ಸಿಗಲಿ ಎನ್ನುವಂತೆ.

ಕಲಶಕ್ಕೆ ಮಾಡುವ ಹಾಗೆ, ಪೂಜೆಯಾದ ವಸ್ತುವನ್ನು ಉತ್ತರಕ್ಕೆ ಸ್ವಲ್ಪ ಸರಿಸಿದರೆ ದೇವರು ಹೊರಟಂತೆ. ಆಮೇಲೆ ಅದು ಬರೀ ವಸ್ತು. ಭಾನುವಾರ ಬೆಳಗ್ಗೆ ಸ್ನಾನ ಮಾಡಿ ಬಂದ ಅಮ್ಮ ಮಣೆಯ ಮೇಲಿದ್ದ ಸುತ್ತಿಗೆಯ ಮುಂದೆ ನಿಂತು, "ಉತ್ತರ ಯಾವ ಕಡೆ?" ಎಂದಳು.

ಭಾವ ಫೋನ್ ತೆಗೆದು ದಿಕ್ಕು ನೋಡಿದರು. "ಫ್ರಿಜ್ ಕಡೆ."

"ಈ ದೇಶ ಭೂಮಿ ಕೆಳಗಡೆ ಇದೆ ಅಂತಾರೆ. ಇಲ್ಲೂ ಉತ್ತರ ಅಂದ್ರೆ ಅದೇನಾ?"

"ಅಜ್ಜಿ, ನಾರ್ತ್ ಈಸ್ ನಾರ್ತ್," ಎಂದಳು ಮೊಮ್ಮಗಳು. ಹಿಂದಿನ ದಿನದಿಂದ ಅವಳು ಮೊದಲ ಸಲ ನಕ್ಕದ್ದು.

ಅಮ್ಮ ಸುತ್ತಿಗೆಯನ್ನು ಫ್ರಿಜ್ಜಿನ ಕಡೆಗೆ ಮೂರು ಸಲ ಸರಿಸಿ, ಮಂತ್ರಾಕ್ಷತೆ ಹಾಕಿ, "ಹೋಗಿ ಬಾ ತಾಯಿ, ಬೇರೆ ಯಾರ ಮನೇಲೂ ಹೀಗೆ ಮಾಡ್ಬೇಡ," ಎಂದಳು. ಅಕ್ಕ ಅದನ್ನು ಸಿಂಕಿಗೆ ಒಯ್ದು ಪಾತ್ರೆ ತಿಕ್ಕುವ ಸ್ಕ್ರಬ್ಬರಿನಿಂದ ತಿಕ್ಕಿದಳು. ಒರೆಸಿ, ಬಿಸಿಲಲ್ಲಿ ಒಣಗಿಸಿ, ತಾನೇ ಹಿಡಿದು ಬೀಸಿ ನೋಡಿ ಕೊಟ್ಟಳು. ಭಾವ ಕ್ರಿಕೆಟ್ ಹೆಲ್ಮೆಟ್ ತೊಟ್ಟು ಓಪನಿಂಗ್ ಬ್ಯಾಟ್ಸ್‌ಮನ್ನಿನಂತೆ ಶೆಡ್ಡಿಗೆ ಹೊರಟರು. ಬೀಗ ತೆಗೆದವಳು ನಾನು. ತೆಗೆದು ಓಡಿಬಂದು ಅಡುಗೆಮನೆಯ ಕಿಟಕಿಯ ಹಿಂದೆ ಹುಡುಗಿಯ ಕೈ ಹಿಡಿದು ನಿಂತೆ.

ಠಣ್.

"ಚಿಕ್ಕಿ, ಯು ಆರ್ ಬ್ರೇಕಿಂಗ್ ಮೈ ಹ್ಯಾಂಡ್."

"ಮುರಿದ್ರೆ ಮುರೀಲಿ. ಕೈ ತಾನೇ."

ಠಣ್. ಠಣ್. ಪ್ರತಿ ಏಟಿಗೂ ನಾನು ಕಣ್ಣು ಮುಚ್ಚಿದೆ. ಅವಳು ನನ್ನ ಭುಜ ತಟ್ಟಿದಳು. ಹೀಗೆ ಹದಿನಾಲ್ಕರ ಹುಡುಗಿ ಚಿಕ್ಕಮ್ಮನನ್ನು ಸಮಾಧಾನ ಮಾಡುತ್ತಿದ್ದಂತೆ, ನಡುನಡುವೆ ಭಾವ ಬಂದು ಕಿಟಕಿಯ ಕಟ್ಟೆಯ ಮೇಲೆ ಬಿಸಿ ಬಿಸಿ ನಾಣ್ಯಗಳನ್ನು ಸುರಿದು ಹೋಗುತ್ತಿದ್ದರು. ಕೆಲವುಗಳಲ್ಲಿ ಕಿರೀಟ ಓರೆ. ಕೆಲವುಗಳಲ್ಲಿ ಎರಡೆರಡು ಏಟು ಬಿದ್ದು ಚಕ್ಕುಲಿಯೊ ಜಿಲೇಬಿಯೊ ತಿಳಿಯದು. ಒಂದರಲ್ಲಿ ಟ್ರೇಯ ಅಂಚಿನ ಹೂಬಳ್ಳಿ ಹಾಗೇ ಉಳಿದು, ಕಿರೀಟಕ್ಕೆ ಬಾಲ ಬಂದ ಹಾಗಿತ್ತು. ಹುಡುಗಿ ಅದನ್ನು ಎತ್ತಿ ಬೆಳಕಿಗೆ ಹಿಡಿದಳು. "ಪರ್ಫೆಕ್ಟ್," ಎಂದಳು. ಹೋಗಿ, ಬಟ್ಟೆಯಿಂದ ರಾಣಿಯನ್ನು ಬಿಡಿಸಿ ಮತ್ತೆ ಬುರುಜಿನ ಮೇಲೆ ನಿಲ್ಲಿಸಿದಳು.

ಮಧ್ಯಾಹ್ನ ಹುಡುಗಿಯರ ದಂಡು ಬಂತು. ಬಾಗಿಲಲ್ಲಿ ಒಬ್ಬೊಬ್ಬರಿಗೂ ನಾಣ್ಯ. ನಮ್ಮವಳು ಕೋಟೆಯ ಮುಂದೆ ನಿಂತು ಕಥೆ ಹೇಳಿದಳು: ರಾಜ, ಪಾರ್ಲಿಮೆಂಟು, ಕತ್ತರಿಸಿದ ಬೆಳ್ಳಿ ತಟ್ಟೆ, ಶೆಟ್ಟರ ಅಂಗಡಿ. ಡೈನೋಸಾರ್‌ಗಳು ಯಾರ ಕಡೆಯವು ಎಂದು ಯಾರೋ ಕೇಳಿದಾಗ ಪಾರ್ಲಿಮೆಂಟ್ ಕಡೆಯವು ಎಂದು ಗಂಭೀರವಾಗಿ ಉತ್ತರಿಸಿದಳು. ಶೆಟ್ಟಿ ಅಂಗಡಿಯ ಹಿಂದೆ ಚಕ್ಕುಲಿ ಡಬ್ಬ ಇಟ್ಟುಕೊಂಡು ಅಮ್ಮ ಕೂತಿದ್ದಳು. ಇಂಗ್ಲಿಷ್ ಬಾರದ ಅಮ್ಮ ವ್ಯಾಪಾರಕ್ಕೆ ಅಷ್ಟು ಬೇಗ ಇಳಿಯುತ್ತಾಳೆಂದು ನಮಗಾರಿಗೂ ಗೊತ್ತಿರಲಿಲ್ಲ. "ಕಾಯಿನ್ ಕೊಡು, ಚಕ್ಕುಲಿ ತಿನ್ನು. ನೋ ಕಾಯಿನ್, ನೋ ಚಕ್ಕುಲಿ," ಎಂದು ಕೂಗಿದಳು.

ಯಾರೂ ಬರಲಿಲ್ಲ. ಹುಡುಗಿಯರು ನಾಣ್ಯಗಳನ್ನು ಅಂಗೈಯಲ್ಲಿ ತಿರುಗಿಸುತ್ತ, ನಿನ್ನದು ತೋರಿಸು, ನನ್ನದು ನೋಡು ಎನ್ನುತ್ತ ನಿಂತಿದ್ದರು. ಒಬ್ಬಳು ಚಕ್ಕುಲಿ ಡಬ್ಬವನ್ನೇ ನೋಡುತ್ತ, ನಾಣ್ಯವನ್ನು ಜೇಬಿಗೆ ಹಾಕಿ ಅದುಮಿ ಹಿಡಿದುಕೊಂಡಳು. ಹಸಿವಿದೆ, ಆದರೆ ನಾಣ್ಯ ಬಿಡಲು ಮನಸ್ಸಿಲ್ಲ. ನಮ್ಮ ಹುಡುಗಿ ತನ್ನ ಕೋಟೆಯ ವ್ಯವಹಾರ ಕಣ್ಣ ಮುಂದೆಯೇ ನಿಂತುಹೋದದ್ದನ್ನು ಕಂಡು ನನ್ನ ಕಡೆ ನೋಡಿದಳು. ನಾನು ಭುಜ ಹಾರಿಸಿದೆ.

ಆಗ ಕ್ಯಾಲ್ಕ್ಯುಲೇಟರಿನ ಹುಡುಗಿ ಮುಂದೆ ಬಂದಳು. ಅವಳ ಕೈಯಲ್ಲಿದ್ದದ್ದು ಬಾಲದ ಕಿರೀಟದ ನಾಣ್ಯ. "ಇದನ್ನು ನಾನೇ ಇಟ್ಟುಕೊಳ್ಳಬಹುದಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅಕ್ಕ ನನ್ನ ಪಕ್ಕದಲ್ಲಿ ಉಸಿರು ಬಿಗಿಹಿಡಿದಳು. ನಮ್ಮವಳು ಒಂದು ಗಳಿಗೆ ಯೋಚಿಸಿ, ಕೋಟೆಯ ರಟ್ಟಿನ ಬಾಗಿಲನ್ನು ಎರಡೂ ಕೈಯಿಂದ ತೆಗೆದು ಬದಿಗಿಟ್ಟಳು. ಊರು ಶರಣಾಗಿದೆ, ಮುತ್ತಿಗೆ ಮುಗಿಯಿತು, ನಾಣ್ಯ ನಿಮ್ಮದೇ, ತಿಂಡಿ ಎಲ್ಲರಿಗೂ ಎಂದು ಘೋಷಿಸಿದಳು. "ಅಜ್ಜಿ, ಎಲ್ಲರಿಗೂ ಫ್ರೀ!"

"ಇಷ್ಟು ಬೇಗ ಸೋತ್ಯಾ?" ಎಂದು ಅಮ್ಮ ಗೊಣಗಿದಳು, ಆದರೆ ಡಬ್ಬದ ಮುಚ್ಚಳ ಆಗಲೇ ತೆಗೆದಿದ್ದಳು. ಚಕ್ಕುಲಿ, ಕೊಬ್ಬರಿ ಮಿಠಾಯಿ, ರವೆ ಉಂಡೆ, ಎಲ್ಲಕ್ಕೂ ಕೈಗಳು ಬಂದವು. ಒಬ್ಬಳು ಹಿತ್ತಲಿಗೆ ಹೋಗಿ ಟ್ಯಾಂಕಿನ ಸೀಳಿಗೆ ಅಂಟಿಸಿದ್ದ ಟೇಪು ನೋಡಿ, ಇದೇನು ಎಂದಳು. ನಮ್ಮವಳು ಹೇಳಿದಳು. ಖಾಲಿ ಮುಷ್ಟಿ, ಹಾರಿದ ಸುತ್ತಿಗೆ, ಕಾಯಿ ಒಡೆದಿರಾ ಎಂದ ಅಜ್ಜಿ, ಎಲ್ಲವನ್ನೂ ಅಭಿನಯಿಸಿ ತೋರಿಸಿದಳು. ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಕೇಳುತ್ತ ನಿಂತೆ. ನನ್ನ ಎದೆಯಲ್ಲಿ ಕಲ್ಲಾಗಿ ಕೂತಿದ್ದುದು ಅವಳ ಬಾಯಲ್ಲಿ ಕಥೆಯಾಗಿತ್ತು. ಬಗ್ಗಿದ್ದನ್ನು ಹೇಳುವಾಗ ಮಾತ್ರ ಅವಳ ಕೈ ತನಗೇ ತಿಳಿಯದಂತೆ ತಲೆಯ ಹಿಂದಕ್ಕೆ ಹೋಯಿತು. ಅದನ್ನು ನಾನೊಬ್ಬಳೇ ನೋಡಿದೆ ಎಂದುಕೊಂಡೆ. ಭಾವನೂ ನೋಡಿದ್ದರು, ಎದ್ದು ಹೋಗಿ ಸುಮ್ಮನೆ ಅವಳ ಪಕ್ಕ ನಿಂತರು.

ಹೊರಡುವಾಗ ಬೂಟು ಹಾಕಿಕೊಳ್ಳುತ್ತಿದ್ದ ಕ್ಯಾಲ್ಕ್ಯುಲೇಟರಿನ ಹುಡುಗಿ ತಲೆಯೆತ್ತಿ, ಮುಂದಿನ ವರ್ಷ ಏನು ಮಾಡುತ್ತೀರಿ ಎಂದಳು. ರವೆ ಉಂಡೆಯ ತಟ್ಟೆ ಹಿಡಿದಿದ್ದ ಅಕ್ಕ ನಿಂತಲ್ಲೇ ನಿಂತಳು.

"ಮುಂದಿನ ವರ್ಷ?" ನಮ್ಮ ಹುಡುಗಿ ಮೆಟ್ಟಿಲುಗಳ ಕಡೆ ತಿರುಗಿ, ಒಂಬತ್ತು ಮೆಟ್ಟಿಲನ್ನೂ ಒಮ್ಮೆ ಅಳೆದು ನೋಡಿದಳು. "ಈ ಸಲ ಕೋಟೆ ಒಳಗೆ ಇದ್ವಿ. ನೆಕ್ಸ್ಟ್ ಇಯರ್ ಹೊರಗಿನವರ ಕಡೆಯಿಂದ ಮಾಡೋಣ. ಅಲ್ವಾ ಅಮ್ಮ? ಇನ್ನೂ ಗೊಂಬೆ ಬೇಕಾಗುತ್ತೆ."

ಅಕ್ಕ ಹೂಂ ಎಂದು ತಲೆಯಾಡಿಸಿದಳು.

"ಹೊರಗಿನವರು ಅಂದ್ಮೇಲೆ," ಎಂದರು ಭಾವ, ಕಣ್ಣು ಅರಳಿಸಿ, "ನಾವು ಒಂದು ಸಣ್ಣ ಫಿರಂಗಿ…"

"ರೀ!"

ಅಕ್ಕ, ನಾನು, ಅಮ್ಮ, ಮೂವರ ಬಾಯಲ್ಲೂ ಒಟ್ಟಿಗೇ ಬಂತು. ಅಳಿಯನನ್ನು ಅಮ್ಮ ಹಾಗೆ ಕರೆದದ್ದು ಅದೇ ಮೊದಲು. ಕನ್ನಡದ ಒಂದಕ್ಷರ ಬಾರದ ಆ ಮಕ್ಕಳಿಗೂ ವಿಷಯ ಅರ್ಥವಾಗಿ, ಒಂದು ಬೂಟು ಹಾಕಿಕೊಂಡವರು ಒಂದೇ ಬೂಟಿನಲ್ಲಿ, ಬಾಗಿಲಲ್ಲೇ ಕೂತು ನಗತೊಡಗಿದರು.